ತೀರ್ಥರೂಪು ಸಮಾನರಾದ ಫಾರ್ಮ್ 1004 ಅವರಿಗೆ

ಸಮಸ್ತ ಬ್ಯಾಂಕು ಬ್ರೋಕರುಗಳಿಂದ ಪೂಜಿತರಾದ, ತೀರ್ಥರೂಪು ಸಮಾನರಾದ ಫಾರ್ಮ್ 1004 ಅವರ ಪಾದಾರವಿಂದಗಳಿಗೆ ನ್ಯೂಜೆರ್ಸಿಯಿಂದ ಒಬ್ಬ ಅಪ್ರೈಸರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯೋಣವೆಂದರೆ ಧೈರ್ಯ ಸಾಲದು. ಕ್ಷೇಮ ಎನ್ನುವುದಕ್ಕೆ ಆಧಾರವೇನು, ಹೋಲಿಕೆಗೆ ಇದೇ ಬೀದಿಯ ಮೂರು ಕ್ಷೇಮಗಳನ್ನು ಲಗತ್ತಿಸಿ ಎಂದು ಸಂಜೆಯೊಳಗೆ ರಿವಿಷನ್ ರಿಕ್ವೆಸ್ಟ್ ಬಂದೀತು.

ನೀವು ಹೊರಡುವ ದಿನ ಗೊತ್ತಾಗಿದೆಯಂತೆ. 2026ರ ನವೆಂಬರ್ 2ರಿಂದ ನಿಮ್ಮ ಜಾಗಕ್ಕೆ ಬಂದವರೇ ಕಡ್ಡಾಯ. ಅದಕ್ಕೂ ಮುಂಚೆ ನಿಮ್ಮ ಕೈಯಲ್ಲಿ ಶುರುವಾದ ಕಡತಗಳ ಬಾಕಿ ಚುಕ್ತಾ ಮಾಡಲು 2027ರ ಮೇ 3ರವರೆಗೆ ಸಮಯ ಕೊಟ್ಟಿದ್ದಾರೆ. ಆಮೇಲೆ ವರದಿ ಸಲ್ಲಿಸುವ ಪೋರ್ಟಲ್ಲು ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಪತ್ರ ಬಹಿರಂಗವಾದ್ದರಿಂದ ಹೆಗಲ ಮೇಲಿಂದ ಇಣುಕಿ ಓದುತ್ತಿರುವವರಿಗೆ ನಿಮ್ಮ ಪರಿಚಯ ಹೇಳಿಬಿಡುತ್ತೇನೆ. ಅಮೆರಿಕದ ಬ್ಯಾಂಕು ಮನೆಸಾಲ ಕೊಡುತ್ತದೆ. ಕೊಟ್ಟ ಸಾಲವನ್ನು ಬಹಳಷ್ಟು ಸಲ ಫ್ಯಾನಿ ಮೇ ಎಂಬ ಸಂಸ್ಥೆಗೋ ಫ್ರೆಡ್ಡಿ ಮ್ಯಾಕ್‌ಗೋ ಮಾರಿ ಕೈತೊಳೆದುಕೊಳ್ಳುತ್ತದೆ. ಸಾಲ ಕೊಂಡವರಿಗೆ ಮನೆ ಆ ಬೆಲೆ ಬಾಳುತ್ತದೋ ಇಲ್ಲವೋ ತಿಳಿಯಬೇಕಲ್ಲ? ಅದಕ್ಕೆ ಲೈಸೆನ್ಸ್ ಇರುವ ಅಪ್ರೈಸರ್ ಹೋಗಿ, ಮನೆ ಅಳೆದು, ಸುತ್ತಮುತ್ತ ಇತ್ತೀಚೆಗೆ ಮಾರಾಟವಾದ ಅಂಥವೇ ಮೂರ್ನಾಲ್ಕು ಮನೆಗಳ ಜೊತೆ ತೂಗಿ ನೋಡಿ, ನಿಮ್ಮ ಆರು ಪುಟ ತುಂಬುತ್ತಾನೆ. ಫ್ರೆಡ್ಡಿ ಮ್ಯಾಕ್ ಮನೆಯಲ್ಲಿ ನಿಮ್ಮನ್ನು ಫಾರ್ಮ್ 70 ಎಂದು ಕರೆಯುತ್ತಾರೆ, ಆಸಾಮಿ ಒಬ್ಬರೇ. ಸಾಲಗಾರನಿಗೂ ನಿಮ್ಮ ಒಂದು ಪ್ರತಿ ಸಿಗುತ್ತದೆ. ಕೊನೆಯ ಅಂಕಿ ನೋಡಿ ಮಡಚಿಡುತ್ತಾನೆ.

ಈಗಿನ ರೂಪದಲ್ಲಿ ನೀವು ಅವತರಿಸಿದ್ದು 2005ರ ಮಾರ್ಚಿನಲ್ಲಿ. ಕೇಳಿದವರಿಗೂ ಕೇಳದವರಿಗೂ ಮನೆಸಾಲ ಹಂಚುತ್ತಿದ್ದ ಕಾಲ. 2008ರ ಸೆಪ್ಟೆಂಬರ್ ಹೊತ್ತಿಗೆ ಫ್ಯಾನಿ, ಫ್ರೆಡ್ಡಿ ಇಬ್ಬರನ್ನೂ ಸರ್ಕಾರ ತನ್ನ ಸುಪರ್ದಿಗೆ ತೆಗೆದುಕೊಳ್ಳಬೇಕಾಯಿತು. ಆ ಮೂರೂವರೆ ವರ್ಷ ನಿಮ್ಮ ಚೌಕಗಳು ತುಂಬದೆ ಉಳಿದವೆಂದು ಯಾರೂ ದೂರಿರಲಿಲ್ಲ ಎಂಬುದನ್ನು ನಿಮ್ಮ ಪರವಾಗಿ ಹೇಳಲೇಬೇಕು. ಎಲ್ಲ ಕಡೆ ಗುರುತು ಹಾಕಿ, ಸಹಿ ಮಾಡಿ, ಫೋಟೋ ಅಂಟಿಸಿಯೇ ದೇಶ ಮುಳುಗಿತು.

ಮುಳುಗಿದ ಮೇಲೆ ಮಾಹಿತಿ ಸಾಲದಾಯಿತು ಎಂದರು. 2011ರ ಸೆಪ್ಟೆಂಬರಿನಲ್ಲಿ ನಿಮ್ಮ ಬಾಯಿಗೆ ಯುಎಡಿ ಎಂಬ ಸಂಕೇತಗಳನ್ನು ತುರುಕಿದರು. ಅಲ್ಲಿಯವರೆಗೆ ನಮ್ಮ ಕಸುಬಿನಲ್ಲಿ 'ಆವರೇಜ್ ಪ್ಲಸ್' ಎಂಬ ದಿವ್ಯವಾದ ಮಾತಿತ್ತು. ಮನೆಯವರಿಗೂ ಬೇಜಾರಿಲ್ಲ, ಬ್ಯಾಂಕಿಗೂ ಬೇಜಾರಿಲ್ಲ, ನಾಳೆ ಯಾರಾದರೂ ಕೇಸು ಹಾಕಿದರೆ ಯಾವ ಅರ್ಥ ಬೇಕಾದರೂ ಹೇಳಬಹುದಿತ್ತು. ಅದನ್ನು ಕಿತ್ತುಕೊಂಡು ಸಿ1ರಿಂದ ಸಿ6ರವರೆಗೆ ದರ್ಜೆ ಕೊಡಿ ಎಂದರು. ಸಿ1 ಎಂದರೆ ಹೊಚ್ಚಹೊಸದು, ಇನ್ನೂ ಯಾರೂ ಹಾಲುಕ್ಕಿಸದ ಮನೆ. ಸಿ6 ಎಂದರೆ ಒಳಗೆ ಕಾಲಿಡಲು ಯೋಚಿಸಬೇಕಾದ್ದು. ನಡುವಿನ ಲೋಕವನ್ನೆಲ್ಲ ಸಿ3, ಸಿ4 ಎಂಬ ಎರಡು ದೊಡ್ಡಿಗೆ ಹೊಡೆದು ನಾವು ಆವರೇಜನ್ನು ಹೇಗೋ ಉಳಿಸಿಕೊಂಡೆವು.

ನೆಲಮಾಳಿಗೆಯ ಸಾಲು ನೆನಪಿದೆಯೇ? '1ಆರ್‌ಆರ್1ಬಿಆರ್1.0ಬಿಎ0ಒ'. ಇದು ಬೀಜಾಕ್ಷರ ಮಂತ್ರವಲ್ಲ. ಕೆಳಗೆ ಒಂದು ಆಟದ ಕೋಣೆ, ಒಂದು ಮಲಗುವ ಕೋಣೆ, ಒಂದು ಪೂರ್ತಿ ಬಚ್ಚಲು ಇದೆ, ಬೇರೇನೂ ಇಲ್ಲ ಎಂದು ಅರ್ಥ. ಹದಿನೈದು ವರ್ಷ ಇದನ್ನು ಬರೆದೂ ಬರೆದೂ ನಮ್ಮ ಪೈಕಿ ಕೆಲವರು ಮನೆಯ ಸಾಮಾನಿನ ಚೀಟಿಯನ್ನೂ ಹೀಗೇ ಬರೆಯತೊಡಗಿದ್ದಾರೆಂದು ಅವರ ಹೆಂಡತಿಯರು ಹೇಳುತ್ತಾರೆ.

ಇನ್ನು ನಿಮ್ಮ ಉತ್ತರಾಧಿಕಾರಿಯ ಸಮಾಚಾರ. ಯುಎಡಿ 3.6 ಎಂಬ ವಂಶದವರು. 2018ರಲ್ಲಿ ಶುರುವಾದ ತಯಾರಿ, 2025ರ ಸೆಪ್ಟೆಂಬರಿನಲ್ಲಿ ಕೆಲವರ ಮನೆಗೆ ಮಾತ್ರ ಬಂದು ಹೋದರು, 2026ರ ಜನವರಿ 26ರಿಂದ ಎಲ್ಲರಿಗೂ ದರ್ಶನ. ಅವರಿಗೆ ನಿಮ್ಮ ಹಾಗೆ ನಂಬರೇ ಇಲ್ಲ. ಕಾಂಡೊಮಿನಿಯಮ್ಮಿಗೆ 1073, ಎರಡರಿಂದ ನಾಲ್ಕು ಸಂಸಾರದ ಕಟ್ಟಡಕ್ಕೆ 1025, ಕಾರ್ಖಾನೆಯಲ್ಲಿ ಮಾಡಿ ತಂದಿಟ್ಟ ಮನೆಗೆ 1004ಸಿ, ಬೀದಿಯಲ್ಲಿ ಕಾರು ನಿಲ್ಲಿಸಿ ಹೊರಗಿನಿಂದಲೇ ನೋಡಿ ಬರುವುದಕ್ಕೆ 2055 ಎಂದು ನಿಮ್ಮ ಬಳಗವೇ ಇತ್ತಲ್ಲ, ಅಷ್ಟೂ ಕುರ್ಚಿಗಳಲ್ಲಿ ಇವರೊಬ್ಬರೇ. ಪುಟಗಳ ಲೆಕ್ಕವೂ ಇಲ್ಲ. ಮನೆ ಹೇಗಿದೆಯೋ ಹಾಗೆ ಬೆಳೆಯುತ್ತಾರೆ, ಕುಗ್ಗುತ್ತಾರೆ. ಬೆಳೆಯುವುದನ್ನು ನೋಡಿದ್ದೇನೆ.

ಒಳ್ಳೆಯದನ್ನೂ ಹೇಳಬೇಕು. ನೆಲಮಾಳಿಗೆಯ ಮಂತ್ರ ಹೋಯಿತು. ಇವರು ಓದಿದರೆ ಅರ್ಥವಾಗುತ್ತಾರೆ. ಫೋಟೋಗಳು ಕೊನೆಯಲ್ಲಿ ರಾಶಿ ಬೀಳದೆ ಆಯಾ ವಿಷಯದ ಪಕ್ಕದಲ್ಲೇ ಕೂರುತ್ತವೆ. ಆದರೆ ಕೇಳುವ ಚಾಳಿ! ಒಳಗಿನ ಸ್ಥಿತಿಗೊಂದು ದರ್ಜೆ, ಹೊರಗಿನ ಸ್ಥಿತಿಗೊಂದು, ಎರಡೂ ಸೇರಿಸಿ ಇನ್ನೊಂದು. ಕಟ್ಟಿದ ಗುಣಮಟ್ಟಕ್ಕೆ ಮತ್ತೆ ಇಷ್ಟೇ. ಗೋಡೆಯಲ್ಲೊಂದು ಬಿರುಕು ಕಂಡರೆ ಅದು ಎಲ್ಲಿದೆ, ಹೇಗಿದೆ, ಕಟ್ಟಡದ ಗಟ್ಟಿತನಕ್ಕೆ ಧಕ್ಕೆಯೋ, ಏನು ಮಾಡಬೇಕೆನ್ನುತ್ತೀರಿ ಎಂದು ಒಂದೊಂದಕ್ಕೂ ಪ್ರತ್ಯೇಕ ಕಲಮು.

ಬಚ್ಚಲುಮನೆಯ ವಿಚಾರವಂತೂ ವಿಚಾರಣೆಯೇ ಸರಿ. ಪ್ರತಿಯೊಂದು ಬಚ್ಚಲಿಗೂ ನವೀಕರಣ ಆಗಿದೆಯೋ, ಅರ್ಧಂಬರ್ಧವೋ, ಆಗಿದ್ದರೆ ಎಷ್ಟು ವರ್ಷದ ಹಿಂದೆ? ಎಡಿಸನ್ ಊರಿನ ನಮ್ಮ ಕಡೆಯವರ ಮನೆಯಲ್ಲಿ ಟ್ಯಾಬ್ಲೆಟ್ ಹಿಡಿದು ಇದನ್ನು ಕೇಳಿದೆ. "ಮೂರು ವರ್ಷ ಆಗಿರಬೇಕು ಸಾರ್" ಎಂದರು ಯಜಮಾನರು. "ಎಲ್ಲಿ ಮೂರು! ನಿಮ್ಮಮ್ಮ ಬಂದಿದ್ದ ಬೇಸಿಗೆಯಲ್ಲಿ ಅಲ್ವಾ, ಟೈಲ್ಸ್‌ನವನು ಅರ್ಧ ಕೆಲಸ ಮಾಡಿ ಓಡಿಹೋಗಿದ್ದು, ಅವರು ಒಂದು ತಿಂಗಳು ಕೆಳಗಿನ ಬಚ್ಚಲಿಗೆ ಇಳಿದೂ ಇಳಿದೂ ಮಂಡಿ ನೋವು ಮಾಡಿಕೊಂಡಿದ್ದು" ಎಂದರು ಮನೆಯಾಕೆ. ಅಲ್ಲಿಂದ ಮಾತು ಮಂಡಿಗೆ, ಮಂಡಿಯಿಂದ ಇನ್ಶೂರೆನ್ಸಿಗೆ ಹೋಯಿತು. ಟ್ಯಾಬ್ಲೆಟ್ಟಿನ ಪಟ್ಟಿಯಲ್ಲಿ ವರ್ಷಗಳಿದ್ದವು. ಅತ್ತೆ ಬಂದ ಬೇಸಿಗೆ ಇರಲಿಲ್ಲ.

ಅದೇ ಮನೆಯವರು ಬೀಳ್ಕೊಡುವಾಗ ಬಾಗಿಲು ತೋರಿಸಿ, "ಪೂರ್ವಕ್ಕಿದೆ ನೋಡಿ, ಅದಕ್ಕೂ ಸ್ವಲ್ಪ ಹಾಕ್ಕೊಳ್ಳಿ" ಎಂದರು. ಅವರ ಮಾತು ಸುಳ್ಳಲ್ಲ. ಕೊಳ್ಳಲು ಬರುವವರಲ್ಲಿ ವಾಸ್ತು ನೋಡುವವರು ಹೆಚ್ಚಿರುವ ಬೀದಿಯಲ್ಲಿ ಪೂರ್ವದ ಬಾಗಿಲಿನ ಮನೆಗೆ ಗಿರಾಕಿ ಜಾಸ್ತಿ. ಆದರೆ ಅದನ್ನು ಎಲ್ಲಿ ಬರೆಯಲಿ? ಕೊಳ್ಳುವವರು ಇಂಥ ದೇಶದವರು, ಇಂಥ ಧರ್ಮದವರು ಎಂಬ ವಾಸನೆ ಬಂದರೂ 1968ರ ಫೇರ್ ಹೌಸಿಂಗ್ ಕಾಯ್ದೆ ಎದ್ದು ನಿಲ್ಲುತ್ತದೆ. ನಿಲ್ಲಲೂ ಬೇಕು. ಯಾಕೆಂದರೆ ನಮ್ಮ ಟಿಪ್ಪಣಿಯ ಚೌಕವೇನೂ ಗಂಗೆಯಷ್ಟು ಪವಿತ್ರವಾಗಿರಲಿಲ್ಲ. ಜನಾಂಗಕ್ಕೂ ಬೆಲೆಗೂ ಸಂಬಂಧವಿಲ್ಲ ಎಂದು ನಿಮ್ಮ ಮೊದಲ ಪುಟದಲ್ಲೇ ಅಚ್ಚಾಗಿತ್ತು. ಆದರೂ ಫ್ಯಾನಿ, ಫ್ರೆಡ್ಡಿಗಳ ನಿಯಂತ್ರಕ ಸಂಸ್ಥೆ ಎಫ್‌ಎಚ್‌ಎಫ್‌ಎ ಲಕ್ಷಾಂತರ ವರದಿಗಳ ಟಿಪ್ಪಣಿಗಳನ್ನು ಜಾಲಾಡಿ, ಜನಾಂಗದ ಸುಳಿವಿರಬಹುದಾದ ಸಾವಿರಾರು ಕಡೆ ಗುರುತು ಹಾಕಿದೆನೆಂದು 2021ರ ಡಿಸೆಂಬರಿನಲ್ಲಿ ಹೇಳಿತು. ಹಾಗಾಗಿ ಹೊಸಬರು ಬಂದು 'ನಮ್ಮ ಸ್ವಂತ ಮಾತು ಕಿತ್ತುಕೊಂಡರು' ಎಂದು ಗೋಳಾಡುವ ಸಹೋದ್ಯೋಗಿಗಳ ಜೊತೆ ನಾನು ಧ್ವನಿ ಸೇರಿಸುವುದಿಲ್ಲ. ಅವರಲ್ಲಿ ಅನೇಕರ ಸ್ವಂತ ಮಾತು ಎಂದರೆ ಹಿಂದಿನ ವರದಿಯಿಂದ ಎತ್ತಿ ಅಂಟಿಸಿದ ನಾಲ್ಕು ಪ್ಯಾರಾ. ಊರಿನ ಹೆಸರು ಬದಲಿಸಲು ನೆನಪಿದ್ದರೆ ಪುಣ್ಯ.

ನನ್ನ ತಕರಾರು ಬೇರೆ, ಅದನ್ನು ನಿಮ್ಮ ಕಿವಿಗೆ ಹಾಕಲೆಂದೇ ಈ ಪತ್ರ. ಒಂದು ಕಡೆ ಬಚ್ಚಲು ಬಚ್ಚಲಿಗೆ ಜಾತಕ ಬರೆಸುತ್ತಾರೆ. ಇನ್ನೊಂದು ಕಡೆ 'ವ್ಯಾಲ್ಯೂ ಆಕ್ಸೆಪ್ಟೆನ್ಸ್' ಎಂಬ ಯೋಜನೆಯಿದೆ. ಕಂಪ್ಯೂಟರು ಹಳೆಯ ಮಾಹಿತಿ ತಿರುವಿ, ಈ ಮನೆಗೆ ಹೇಳಿದ ಬೆಲೆ ಪರವಾಗಿಲ್ಲ ಎಂದರೆ ಅಪ್ರೈಸರ್ ಬೇಕಾಗಿಲ್ಲ. ಯಾರೂ ಹೊಸ್ತಿಲು ದಾಟಬೇಕಾಗಿಲ್ಲ. ಕೊಳ್ಳುವ ಮನೆಗೆ ಇದರ ಮಿತಿ ಮೊದಲು ಬೆಲೆಯ ಶೇ. 80ರಷ್ಟು ಸಾಲದವರೆಗೆ ಇತ್ತು. 2024ರ ಅಕ್ಟೋಬರಿನಲ್ಲಿ ಅದನ್ನು ಶೇ. 90ಕ್ಕೆ ಏರಿಸುವುದಾಗಿ ಪ್ರಕಟಿಸಿದರು. ಒಬ್ಬರು ಹೋಗಿ ಮಾಹಿತಿ ಮಾತ್ರ ಸಂಗ್ರಹಿಸಿ ತರುವ ಬಗೆಗೆ ಶೇ. 97. ಆ ಹೋಗುವವರು ಅಪ್ರೈಸರೇ ಆಗಿರಬೇಕೆಂದಿಲ್ಲ. ಅಂದರೆ ಖರೀದಿದಾರ ಕೈಯಿಂದ ಹಾಕಿದ್ದು ನೂರಕ್ಕೆ ಹತ್ತು ರೂಪಾಯಿಯಾದರೂ ಅವನ ಮನೆಯನ್ನು ಯಾರೂ ನೋಡದೆ ಇರಬಹುದು. ಅರ್ಧ ದುಡ್ಡು ಕೈಯಿಂದ ಹಾಕಿದವನ ಮನೆಗೆ ಕಂಪ್ಯೂಟರು ಹೂಂ ಎನ್ನದಿದ್ದರೆ ನಾನು ಹೋಗಿ ಅತ್ತೆ ಬಂದ ಬೇಸಿಗೆ ಯಾವುದೆಂದು ಪತ್ತೆ ಮಾಡಬೇಕು.

ಆ ಕಂಪ್ಯೂಟರಿಗೆ ಹಳೆಯ ಮಾಹಿತಿ ಬಂದದ್ದೆಲ್ಲಿಂದ? ನಾವೇ ತುಂಬಿದ್ದು, ನಿಮ್ಮ ಪುಟಗಳಲ್ಲಿ. ಅಪ್ರೈಸರುಗಳು ಕಳಿಸಿದ ವರದಿಗಳನ್ನು ತೂಗಲು 2015ರಿಂದ ಕೊಲ್ಯಾಟರಲ್ ಅಂಡರ್‌ರೈಟರ್ ಎಂಬ ಯಂತ್ರವನ್ನೂ ಫ್ಯಾನಿ ಮೇ ಇಟ್ಟುಕೊಂಡಿದೆ. ಅದು ಒಂದರಿಂದ ಐದರವರೆಗೆ ಅಂಕ ಕೊಡುತ್ತದೆ. ಅಂಕ ಸಾಲ ಕೊಡುವವರಿಗೆ ಕಾಣುತ್ತದೆ, ಬರೆದವನಿಗೆ ಕಾಣುವುದಿಲ್ಲ. ಹೊಸಬರ ಹಸಿವು ನಿಮಗಿಂತ ದೊಡ್ಡದು. ಅವರ ಒಂದೊಂದು ಚೌಕ ತುಂಬಿದಾಗಲೂ ಮುಂದೆ ನನ್ನನ್ನು ಕರೆಯಬೇಕಿಲ್ಲದ ಇನ್ನೊಂದು ಮನೆಗೆ ನಾನೇ ಅಡಿಪಾಯ ಹಾಕಿಕೊಡುತ್ತಿದ್ದೇನೆ, ಅದೂ ಅಚ್ಚುಕಟ್ಟಾಗಿ, ಫೋಟೋ ಸಮೇತ. ದಕ್ಷಿಣೆ ಕೊಡುವವನು ಸಾಲಗಾರ.

ನಿವೃತ್ತಿಯ ನಂತರ ನೀವು ಮನೆ ಕೊಳ್ಳುವುದಾದರೆ ದಯವಿಟ್ಟು ಯಂತ್ರ ಹೂಂ ಎಂದರೂ ಯಾರನ್ನಾದರೂ ಕರೆಸಿ ನೆಲಮಾಳಿಗೆಯ ಮೂಲೆಗಳನ್ನು ಮೂಸಿ ನೋಡಿಸಿ. ತೇವದ ವಾಸನೆಗೆ ಹಳೆಯ ಮಾಹಿತಿಯಲ್ಲಿ ಸ್ಥಾನವಿಲ್ಲ.

ಇಂತಿ ನಿಮ್ಮ ಚೌಕಗಳಲ್ಲೇ ಕೂದಲು ನರೆತ,
ಒಬ್ಬ ಅಪ್ರೈಸರ್ (ಸ್ಥಿತಿ: ಹೊರಗೆ ಸಿ3, ಒಳಗೆ ಸಿ5)

ತಾ.ಕ.: ಕೆಲಸ ಹಂಚುವ ಮಧ್ಯವರ್ತಿ ಕಂಪನಿಯೊಂದಕ್ಕೆ ಫೋನ್ ಮಾಡಿ, ಹೊಸ ವರದಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ, ಶುಲ್ಕವೇನಾದರೂ ಹೆಚ್ಚುತ್ತದೆಯೇ ಎಂದು ಕೇಳಿದೆ. ಆ ಹುಡುಗಿ ಬಹಳ ವಿನಯದಿಂದ ಸದ್ಯಕ್ಕೆ ಹಳೆಯ ಶುಲ್ಕವೇ ಎಂದಳು. ಗಡುವೂ ಹಳೆಯದೇ. ಹಾಗಾದರೆ ಹೊಸದೇನು ಎಂದಾಗ, ತರಬೇತಿಗೆ ನೀವು ಕಟ್ಟಬೇಕಾದ ದುಡ್ಡಿನ ಲಿಂಕ್ ಕಳಿಸಿದ್ದೇನೆ ಎಂದಳು.