ಪರದೆಯ ಕಾಡು, ಊರಿನ ತಕರಾರು

ನಮ್ಮ ವಯಸ್ಸಿನವರಿಗೆ ಸಾಕ್ಷ್ಯಚಿತ್ರವೆಂದರೆ ಕಡಲೆಕಾಯಿ ಕೊಳ್ಳುವ ಹೊತ್ತು. ಟಾಕೀಸಿನಲ್ಲಿ ರಾಜಕುಮಾರ್ ಕಾಣಿಸಿಕೊಳ್ಳುವ ಮೊದಲು ಭಾರತ ಸರ್ಕಾರದ ಫಿಲ್ಮ್ಸ್ ಡಿವಿಜನ್ನಿನದೊಂದು ಕಿರುಚಿತ್ರ ಬರುತ್ತಿತ್ತು. ತೋರಿಸಲೇಬೇಕೆಂದು ಕಾನೂನಿತ್ತು, ನೋಡಲೇಬೇಕೆಂದು ಇರಲಿಲ್ಲ. ಒಳಗೆ ಗಂಭೀರ ಗಂಟಲೊಂದು ಅಣೆಕಟ್ಟಿನ ಉದ್ದಗಲ ಒಪ್ಪಿಸುತ್ತಿರುವಾಗ ಹೊರಗೆ ನಾವು ಕಾಗದದ ಪೊಟ್ಟಣ ಹಿಡಿದು, ಇನ್ನೇನು ಮುಗಿಯಿತೇ ಎಂದು ಬಾಗಿಲ ಕಾಯುವವನನ್ನು ಕೇಳುತ್ತಿದ್ದೆವು. 1948ರಲ್ಲಿ ಹುಟ್ಟಿದ ಆ ಸಂಸ್ಥೆ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ ಸೇರಿಹೋದಾಗ ಕಡಲೆಕಾಯಿಯವರಾದರೂ ಒಂದು ಸಂತಾಪಸಭೆ ಮಾಡಬೇಕಿತ್ತು.

ಇಂಥ ಹಿನ್ನೆಲೆಯ ಊರಿನಲ್ಲಿ ನಾಲ್ಕು ಹುಡುಗರು ಎದ್ದು, ಎರಡು ರಾತ್ರಿ ಪರಿಸರದ ಸಾಕ್ಷ್ಯಚಿತ್ರಗಳನ್ನೇ ತೋರಿಸುತ್ತೇವೆ ಎಂದರು. ಆಮೇಲೆ ಸಿನಿಮಾ ಯಾವುದು ಎಂದು ಸಹಕಾರ ಸಂಘದ ಮಾಜಿ ಅಧ್ಯಕ್ಷರು ಕೇಳಿದರು. ಆಮೇಲೆ ಏನೂ ಇಲ್ಲ, ಇಷ್ಟೇ ಎಂದಾಗ ಅವರಿಗೆ ನಿಜವಾಗಿಯೂ ಕಷ್ಟವಾಯಿತು. “ಹಂಗಾದ್ರೆ ಜನ ಎಂಥಕ್ಕೆ ಕಾಯ್ತಾ ಕೂತ್ಕಳ್ಬೇಕು ಮಾರಾಯ?”

ಮಲೆನಾಡಿನಲ್ಲಿ ಇದು ಹೊಸ ಹುಚ್ಚೇನಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ಸುಲಿದ ಕೈಗಳ ಎದುರಿಗೆ ಕುರೊಸಾವಾನನ್ನೂ ಸತ್ಯಜಿತ್ ರಾಯ್ ಅವರನ್ನೂ ತಂದು ನಿಲ್ಲಿಸಿದ್ದರು. ಸಾಗರದ ಜನ ಜಪಾನಿನ ಕಾಡನ್ನು ನೋಡಬಹುದಾದರೆ ತೀರ್ಥಹಳ್ಳಿ ಕಡೆಯ ಜನ ಆಗುಂಬೆಯ ಕಾಡನ್ನು ನೋಡಲಾರರೇ ಎಂಬುದು ಹುಡುಗರ ವಾದ. ಈ ವಾದಕ್ಕೆ ಊರು ಸೋತಿತು. ಆದರೆ ತಾರೀಖನ್ನು ಮಾತ್ರ ಯಕ್ಷಗಾನದ ಮೇಳದವರನ್ನು ಕೇಳಿಯೇ ಗೊತ್ತುಮಾಡಬೇಕಾಯಿತು. ಮೇಳ ಪಕ್ಕದೂರಿನಲ್ಲಿದ್ದ ರಾತ್ರಿ ಇಲ್ಲಿ ಹುಲಿ ಬಂದರೂ ನೋಡುವವರಿಲ್ಲ.

ಪರಿಸರದ ಕಾರ್ಯಕ್ರಮಕ್ಕೆ ಪ್ಲಾಸ್ಟಿಕ್ ಫ್ಲೆಕ್ಸ್ ಬೇಡವೆಂದು ಬಟ್ಟೆಯ ಬ್ಯಾನರ್ ಬರೆಸಿದರು. ನಾಟಕದ ಪರದೆ ಬರೆದು ಪಳಗಿದ ಕೈ. ದರ್ಬಾರು, ಅರಮನೆಯ ಉದ್ಯಾನ ಬರೆದಷ್ಟೇ ಉದಾರವಾಗಿ ಹುಲಿಯನ್ನೂ ಬರೆದು, ಅದಕ್ಕೆ ಸಣ್ಣದೊಂದು ಕೇಸರವನ್ನೂ ಇಟ್ಟುಬಿಟ್ಟಿತು. ಯಾರೂ ತಕರಾರು ತೆಗೆಯಲಿಲ್ಲ. ತಕರಾರೆದ್ದದ್ದು ಜನರೇಟರಿಗೆ. ಶಾಲೆಯ ಬಯಲಿನಲ್ಲಿ ಕರೆಂಟು ಹೋದಾಗ ಅದು ಹೊತ್ತಿಕೊಂಡು ಗುಡುಗತೊಡಗಿತು. ಪರದೆಯ ಮೇಲೆ ಆ ಕ್ಷಣಕ್ಕೆ ವಿವರಣೆಕಾರರು ಕಾಡಿನ ಮೌನದ ಬಗ್ಗೆ ಹೇಳುತ್ತಿದ್ದರು.

ಮೊದಲ ಚಿತ್ರ ‘ವೈಲ್ಡ್ ಕರ್ನಾಟಕ’. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಮಾಡಿದ, 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೇ ಬಂದ ಚಿತ್ರ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಮಾತಾಡುತ್ತಾರೆ, ಕನ್ನಡದಲ್ಲಿ ರಿಷಬ್ ಶೆಟ್ಟಿ. ಯಾವುದು ಹಾಕಬೇಕೆಂದು ಹುಡುಗರಲ್ಲಿ ಜಗಳವಾಗಿ ಕನ್ನಡ ಗೆದ್ದಿತು. ಘಟ್ಟ ಇಳಿದರೆ ಸಿಗುವ ಕುಂದಾಪುರದವನ ಗಂಟಲಿನಲ್ಲಿ ಹುಲಿಯ ಕಥೆ ಕೇಳುವುದಕ್ಕೆ ಒಂದು ಅನುಕೂಲವಿದೆ: ತಿರುಗಿ ಮಾತಾಡಬಹುದು. ಜನ ಮಾತಾಡಿದರು ಕೂಡ. ನಿಧಾನಗತಿಯಲ್ಲಿ ಮಳೆಹನಿಗಳು ಎಲೆಯಿಂದ ಜಾರುತ್ತಿದ್ದಾಗ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆಯಲ್ಲಿ ಬಟ್ಟೆ ಒಣಗಿಸಿ ಬದುಕಿದ ಆಗುಂಬೆಯವರೊಬ್ಬರು, “ಇದು ಸೋನೆ. ಮಳೆ ಇನ್ನೂ ಬರಬೇಕು” ಎಂದು ತೀರ್ಪು ಕೊಟ್ಟರು.

ಮರುದಿನ ಕಾಳಿಂಗ ಸರ್ಪದ ಒಂದು ಚಿತ್ರವಿತ್ತು. ಹಾವುಗಳಲ್ಲಿ ಎಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆಯಿಡುವುದು ಇದೊಂದೇ. ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದದ್ದರ ಹಿಂದಿನ ಸೆಳೆತವೂ ಈ ಹಾವೇ. ಹೆಣ್ಣುಹಾವು ಮೈಯನ್ನೇ ಕೊಕ್ಕೆ ಮಾಡಿ ಒಣಗಿದೆಲೆ ಎಳೆದೆಳೆದು ಗುಡ್ಡೆ ಹಾಕುವುದನ್ನು ಕಂಡು ಪೇಟೆಯಿಂದ ಬಂದವರು ಉಸಿರು ಹಿಡಿದರೆ, ನನ್ನ ಮುಂದಿನ ಸಾಲಿನ ಹೆಂಗಸರು ಸಣ್ಣಗೆ ಜಗಳಕ್ಕೆ ಬಿದ್ದರು. ಕೊಟ್ಟಿಗೆಗೆಂದು ಬೇಸಿಗೆಯಿಡೀ ಕಾಡಿನಲ್ಲಿ ದರಗು ಗುಡಿಸುವವರು ಅವರು. ಅಂಥದೊಂದು ಗುಡ್ಡೆ ಕಂಡರೆ, ನಿನ್ನೆ ಗುಡಿಸಿಟ್ಟ ನಮ್ಮದೇ ಎಂದು ಬುಟ್ಟಿಗೆ ತುಂಬಲು ಹೊರಡಬೇಕೋ, ಅಮ್ಮಾ ತಾಯೀ ಎಂದು ಓಡಬೇಕೋ? ಹಿರಿಯಳೊಬ್ಬಳು ಗುರುತು ಹೇಳಿದಳು: “ನಾವು ಒಟ್ಟಿದ್ದು ಗಾಳಿಗೆ ಹಾರ್ತದೆ. ಅದು ಒಟ್ಟಿದ್ದು ಹಾರಲ್ಲ, ಒಳಗೆ ನೀರೂ ಇಳಿಯಲ್ಲ.” ಹಾವಿನ ಕೆಲಸದ ಅಚ್ಚುಕಟ್ಟಿನ ಬಗ್ಗೆ ಚಿತ್ರದಲ್ಲಿ ಇಷ್ಟು ಚೊಕ್ಕ ಮಾತು ಬರಲಿಲ್ಲ.

ಅದೇ ಹಾವು ಹರಿಯುವಾಗ ಸರಸರ ಸದ್ದು ಜೋರಾಗಿ ಕೇಳಿಸಿತು. ಇಷ್ಟು ಸದ್ದು ಮಾಡಿದ್ದರೆ ನಾವು ಯಾರೂ ಹಾವು ತುಳಿಯುತ್ತಲೇ ಇರಲಿಲ್ಲವಲ್ಲ ಎಂದು ಒಬ್ಬರು ಶಂಕಿಸಿದರು. ಶಂಕೆ ಸರಿಯೇ. ದೂರದ ಲೆನ್ಸಿನಲ್ಲಿ ಹಿಡಿದ ಪ್ರಾಣಿಯ ಹೆಜ್ಜೆಸಪ್ಪಳ ಎಷ್ಟೋ ಸಲ ಸ್ಟುಡಿಯೋದಲ್ಲಿ ಹುಟ್ಟುತ್ತದೆ. ಡಿಸ್ನಿಯವರಂತೂ ಸದ್ದಿಗೇ ನಿಲ್ಲಲಿಲ್ಲ. 1958ರ ‘ವೈಟ್ ವೈಲ್ಡರ್‌ನೆಸ್’ ಚಿತ್ರದಲ್ಲಿ ಲೆಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಸಾಲುಸಾಲಾಗಿ ದರೆಯಿಂದ ನೀರಿಗೆ ಬೀಳುತ್ತವೆ. ಅವನ್ನು ಬೇರೆಡೆಯಿಂದ ತರಿಸಿ, ಚಿತ್ರತಂಡವೇ ಬೀಳಿಸಿತ್ತೆಂದು 1982ರಲ್ಲಿ ಕೆನಡಾದ ಟಿವಿಯವರು ಬಯಲು ಮಾಡಿದರು. ಅಷ್ಟರೊಳಗೆ ಚಿತ್ರಕ್ಕೆ ಆಸ್ಕರ್ ಬಂದು ಎಷ್ಟೋ ಕಾಲವಾಗಿತ್ತು, ಲೆಮಿಂಗುಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆಂದು ಲೋಕ ನಂಬಿಯೂ ಆಗಿತ್ತು.

‘ದಿ ಎಲಿಫೆಂಟ್ ವಿಸ್ಪರರ್ಸ್’ಗೆ ಬಂದ ಆಸ್ಕರಿನ ಬಗ್ಗೆ ಯಾರಿಗೂ ತಕರಾರಿಲ್ಲ. ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಬೊಮ್ಮನ್ ಮತ್ತು ಬೆಳ್ಳಿ ಸಾಕಿದ ರಘು ಎಂಬ ಮರಿಯಾನೆಗಾಗಿ ನಮ್ಮ ಬಯಲಿನಲ್ಲೂ ಸೆರಗು, ಟವೆಲು ಕಣ್ಣಿಗೇರಿದವು. ದೀಪ ಹಾಕಿದ ಮೇಲೆ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಎದ್ದರು. ಅವರ ಕಣ್ಣೂ ಒದ್ದೆಯೇ. “ರಘು ಬಹಳ ಒಳ್ಳೆಯವನು, ಒಪ್ಪಿದೆ. ನಮ್ಮ ತೋಟಕ್ಕೆ ಬರೋನ ಹೆಸರು ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ನಾನೂ ಕರೆದು ನೋಡ್ತೀನಿ.” ಸಭೆ ನಕ್ಕಿತು, ಅವರು ನಗಲಿಲ್ಲ. ಪರಿಹಾರದ ಅರ್ಜಿಗೆ ಎಷ್ಟು ಫೋಟೋ ಲಗತ್ತಿಸಬೇಕೆಂಬ ಚರ್ಚೆ ಚಿತ್ರಕ್ಕಿಂತ ಉದ್ದವಾಯಿತು. ಇಂಥ ಉತ್ಸವಗಳ ನಿಜವಾದ ಚಿತ್ರ ದೀಪ ಹಾಕಿದ ಮೇಲೆಯೇ ಶುರುವಾಗುವುದೆಂದು ನನಗೆ ಅನ್ನಿಸಿದ್ದು ಆಗಲೇ. ಮನೆಯಲ್ಲಿ ಮೊಬೈಲಿನಲ್ಲಿ ನೋಡಿದ್ದರೆ ನಾನು ಅತ್ತು ಮಲಗುತ್ತಿದ್ದೆ.

ಶೇಖರ್ ದತ್ತಾತ್ರಿಯವರು ಕುದುರೆಮುಖದ ಗಣಿಯ ಬಗ್ಗೆ 2001ರಲ್ಲಿ ಮಾಡಿದ ‘ಮೈಂಡ್‌ಲೆಸ್ ಮೈನಿಂಗ್’ ತೀರಾ ಚಿಕ್ಕದು. ಗುಡ್ಡದ ಕೆಂಪು ಮಣ್ಣು ಭದ್ರೆಗೆ ಇಳಿಯುವುದನ್ನು ನೋಡಲು ಅಷ್ಟೇ ಸಾಕು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಆ ರಾತ್ರಿ ಜನರ ನಡುವೆ ಅಲ್ಲಿ ಕೆಲಸ ಮಾಡಿದ್ದವರೊಬ್ಬರಿದ್ದರು. ಕುಟುಂಬದ ಹಳೆಯ ಆಲ್ಬಮ್ ತಿರುವುವ ಹಾಗೆ ಅವರು ಪರದೆಯತ್ತ ಬೆರಳು ತೋರಿಸುತ್ತಿದ್ದರು: ಅಗೋ ಆ ಲಾರಿ, ಈ ಕಡೆಗೆ ಕ್ಯಾಂಟೀನು, ಮೇಲೆ ನಮ್ಮ ಕ್ವಾರ್ಟರ್ಸು. ಚಿತ್ರ ಹೇಳಿದ್ದು ಸರಿ ಎಂದೂ ಒಪ್ಪಿದರು, ಕೆಲಸ ಹೋದ ವರ್ಷ ಮಗಳ ಮದುವೆ ಮುಂದೆ ಹಾಕಿದ್ದನ್ನೂ ಹೇಳಿದರು. ಯಾವುದಕ್ಕೆ ತಲೆದೂಗಬೇಕೆಂದು ತಿಳಿಯದೆ ನಾವು ಎರಡಕ್ಕೂ ತಲೆದೂಗಿದೆವು.

ಇಷ್ಟರಲ್ಲಿ ಪರದೆಯ ತುಂಬ ಪತಂಗಗಳು. ನನಗೆ ಬೇರೆಲ್ಲೋ ನೋಡಿದ್ದ ‘ನಾಕ್ಟರ್ನ್ಸ್’ ನೆನಪಾಯಿತು. ಅರುಣಾಚಲದ ಕಾಡಿನಲ್ಲಿ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ, ಅದಕ್ಕೆ ಬಂದು ಕೂರುವ ಪತಂಗಗಳನ್ನು ಅಳೆಯುವ ಸಂಶೋಧಕಿಯ ಚಿತ್ರ ಅದು. 2024ರಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಬಹುಮಾನ ಪಡೆಯಿತು. ನಮ್ಮ ಹುಡುಗರೂ ಬಟ್ಟೆ ಕಟ್ಟಿ ದೀಪ ಹಚ್ಚಿದ್ದರು, ಅಳೆಯುವವರಷ್ಟೇ ಇರಲಿಲ್ಲ. ದೊಡ್ಡದೊಂದು ಪತಂಗ ಹುಲಿಯ ಮೂಗಿನ ಮೇಲೆ ಕೂತಾಗ ಮಕ್ಕಳೆಲ್ಲ ಹುಲಿಯನ್ನು ಬಿಟ್ಟು ಅದನ್ನೇ ನೋಡಿದರು.

ಲೆಕ್ಕ ಒಪ್ಪಿಸುವ ಸಭೆಯಲ್ಲಿ ಹೆಚ್ಚಿನ ಖರ್ಚು ಡೀಸೆಲ್ಲಿನದೇ ಎಂದು ತಿಳಿಯಿತು. ಕೊನೆಯ ಬಸ್ಸು ಹೊರಡುವ ಮುಂಚೆ ಮುಗಿಸಬೇಕೆಂದು ಕೆಲವರು, ಹಲಸಿನ ಕಾಲದಲ್ಲಿ ಸಿಂಗಳೀಕದ ಚಿತ್ರ ತರಿಸಿರೆಂದು ಕೆಲವರು. ಮಾಜಿ ಅಧ್ಯಕ್ಷರದು ಬೇರೆಯೇ ಸಲಹೆ: ಮುಂದಿನ ವರ್ಷ ವಿವರಣೆಯ ದನಿ ಬಂದ್ ಮಾಡಿ ಚಿತ್ರ ಹಾಕಿ, ಹೇಗೂ ನಮ್ಮವರು ಹೇಳ್ತಾರೆ.

“ಹಂಗೆ ಮಾಡಿದ್ರೆ ಚಿತ್ರದವರು ಹೇಳಿದ್ದು ಯಾರಿಗೂ ಕೇಳ್ಸಲ್ಲ ಗೌಡ್ರೇ” ಎಂದ ಪ್ರೊಜೆಕ್ಟರ್ ಹುಡುಗ.

“ಈ ಸಲ ಕೇಳ್ಸಿತ್ತಾ?”