ದುರ್ಗಿಗುಡಿಯ ಜಾಲತಾಣ ಮೀಮಾಂಸೆ

1. ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ಅದರ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದ್ದರಿಂದ ಈ ಪ್ರಬಂಧವೂ ಅದಕ್ಕೆ ತಲೆಬಾಗುತ್ತದೆ. ಅಧಿಕಾರಿಯೆಂದರೆ ಗ್ರಂಥವನ್ನು ಓದುವ ಅರ್ಹತೆ ಉಳ್ಳವನು. ಇಲ್ಲಿ ಅವನು ಶಿವಮೊಗ್ಗದ ದುರ್ಗಿಗುಡಿಯಲ್ಲೋ ಅದರ ಅಡ್ಡರಸ್ತೆಗಳಲ್ಲೋ ಕಿರಿದಾದ ಮಳಿಗೆಯೊಂದನ್ನು ಇಟ್ಟುಕೊಂಡು, ತನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಮೊಬೈಲಿನೊಳಗೆ ಹೋಗಿ ಕೂತಿದ್ದಾರೆಂಬ ಸಂಶಯದಿಂದ ಬಾಧಿತನಾದ ವರ್ತಕ. ವಿಷಯವೆಂದರೆ ಜಾಲತಾಣ ಕಟ್ಟುವ ವೇದಿಕೆಯ ಆಯ್ಕೆ. ವೇದಿಕೆಯೆಂದರೆ ಕಂಪ್ಯೂಟರ್ ಭಾಷೆಯ ಗಂಧಗಾಳಿ ಇಲ್ಲದವನೂ ಚಿತ್ರ, ಬರಹ, ಬೆಲೆ, ವಿಳಾಸಗಳನ್ನು ಜೋಡಿಸಿ ಪುಟ ಕಟ್ಟಲು ಅನುವು ಮಾಡಿಕೊಡುವ ತಂತ್ರಾಂಶ. ಸಂಬಂಧವೆಂದರೆ ವರ್ತಕನಿಗೂ ವೇದಿಕೆಗೂ ಇರುವ ನಂಟು. ಇದು ಸಾಮಾನ್ಯವಾಗಿ ತಂಗಿಯ ಮಗನ ಮೂಲಕ ಏರ್ಪಡುತ್ತದೆ. ಪ್ರಯೋಜನವನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಯಾರೂ ಓದುವುದಿಲ್ಲವಾದ್ದರಿಂದ ಅದನ್ನು ಗ್ರಂಥಾಂತ್ಯಕ್ಕೆ ಕಾದಿರಿಸಲಾಗಿದೆ.

2. ಪೂರ್ವಯುಗ

ದುರ್ಗಿಗುಡಿಯ ವರ್ತಕರಿಗೆ ಪ್ರಚಾರವೆಂಬುದು ಹೊಸ ವಿದ್ಯೆಯಲ್ಲ. ಪಕ್ಕದ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಕಾಗದವನ್ನೂ, ಅದೇ ಊರಿನ ಆಕಾಶವಾಣಿ ಕೇಂದ್ರ ಧ್ವನಿಯನ್ನೂ ನಾಡಿಗೆ ಒದಗಿಸುತ್ತಿದ್ದ ಕಾಲದಲ್ಲಿ ಕರಪತ್ರ, ಗೋಡೆ ಕ್ಯಾಲೆಂಡರ್, ಚಿತ್ರಮಂದಿರದ ಸ್ಲೈಡು, ಮೈಕು ಕಟ್ಟಿದ ಆಟೋ ಎಂಬ ನಾಲ್ಕು ವೇದಿಕೆಗಳು ರೂಢಿಯಲ್ಲಿದ್ದವು. ಇವುಗಳಲ್ಲಿ ಕ್ಯಾಲೆಂಡರೇ ಶ್ರೇಷ್ಠವೆಂದು ಗಣಿಸತಕ್ಕದ್ದು. ಏಕೆಂದರೆ ಅದು ಗಿರಾಕಿಯ ಅಡುಗೆಮನೆಯ ಗೋಡೆಯಲ್ಲಿ ವರ್ಷಪೂರ್ತಿ ನೇತಾಡುತ್ತ, ಹಾಲಿನ ಲೆಕ್ಕವನ್ನೂ ಗ್ಯಾಸ್ ಬಂದ ತಾರೀಕನ್ನೂ ತನ್ನ ಮೈಮೇಲೆ ಬರೆಸಿಕೊಳ್ಳುತ್ತ, ಅಂಗಡಿಯ ಹೆಸರನ್ನು ಮಾತ್ರ ಯಾರೂ ಅಳಿಸಲಾರದಂತೆ ಕಾಪಾಡುತ್ತಿತ್ತು, ಮತ್ತು ಅದಕ್ಕೆ ಪಾಸ್‌ವರ್ಡ್ ಬೇಕಿರಲಿಲ್ಲ.

1991ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಗತ್ತಿನ ಮೊದಲ ಜಾಲತಾಣವನ್ನು ತೆರೆದರಾದರೂ, ಅದರಲ್ಲಿ ‘ಫಿಕ್ಸೆಡ್ ರೇಟ್, ಸಾಲ ಕೇಳಬೇಡಿ’ ಎಂಬ ಫಲಕವಿಲ್ಲದಿದ್ದುದರಿಂದ ಅದೊಂದು ಅಂಗಡಿಯಾಗಬಲ್ಲದೆಂದು ದುರ್ಗಿಗುಡಿಗೆ ತೋಚಲಿಲ್ಲ. ಮುಂದೆ 1994ರಲ್ಲಿ ಹುಟ್ಟಿದ ಜಿಯೋಸಿಟೀಸ್ ಯಾರು ಬೇಕಾದರೂ ಪುಕ್ಕಟೆಯಾಗಿ ಪುಟ ಕಟ್ಟಿಕೊಳ್ಳಬಹುದೆಂದು ಸಾರಿತು. ಅದು ಅಮೆರಿಕದಲ್ಲಿ 2009ರಲ್ಲಿ ಬಾಗಿಲು ಹಾಕಿದಾಗ ಪುಕ್ಕಟೆ ಎಂಬುದಕ್ಕೂ ಶಾಶ್ವತ ಎಂಬುದಕ್ಕೂ ವ್ಯಾಪ್ತಿಸಂಬಂಧವಿಲ್ಲವೆಂದು, ಅಂದರೆ ಒಂದು ಇದ್ದಲ್ಲಿ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲವೆಂದು, ತಾರ್ಕಿಕರಿಗೆ ಮನದಟ್ಟಾಯಿತು.

3. ಮತತ್ರಯ ವಿಚಾರ

ಶಿವಮೊಗ್ಗಕ್ಕೆ ಸಮೀಪದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮಿಸುವಂತೆಯೇ ಅದ್ವೈತದ ಮಠವೂ ದ್ವೈತದ ಮಠವೂ ಒಂದೇ ಊರಿನಲ್ಲಿ ನೆಲೆಸಿರುವುದರಿಂದ, ಈ ಸೀಮೆಯಲ್ಲಿ ಯಾವ ಪ್ರಶ್ನೆಯನ್ನಾದರೂ ಮತಭೇದಗಳ ಮೂಲಕ ವಿಚಾರಿಸುವುದೇ ಸಂಪ್ರದಾಯಸಿದ್ಧ ಮಾರ್ಗವಾಗಿದೆ.

ಮೊದಲನೆಯದು ಅದ್ವೈತ ಪಕ್ಷ. ಇಸ್ರೇಲಿನಲ್ಲಿ 2006ರಲ್ಲಿ ಸ್ಥಾಪನೆಯಾದ ವಿಕ್ಸ್, ಅಮೆರಿಕದ ವಿದ್ಯಾರ್ಥಿಯೊಬ್ಬ ಹಾಸ್ಟೆಲ್ ಕೋಣೆಯಲ್ಲಿ ಹುಟ್ಟುಹಾಕಿದ ಸ್ಕ್ವೇರ್‌ಸ್ಪೇಸ್ ಮೊದಲಾದವು ಇದಕ್ಕೆ ಸೇರಿದವು. ಇವುಗಳಲ್ಲಿ ತಂತ್ರಾಂಶ, ಪುಟಗಳು ವಾಸಿಸುವ ದೂರದ ಕಂಪ್ಯೂಟರು, ಪುಟದ ಅಲಂಕಾರ ಎಂಬ ಭೇದಗಳೆಲ್ಲ ಮಿಥ್ಯೆ. ಎಲ್ಲವೂ ಒಂದೇ, ಅದಕ್ಕೆ ಕೊಡುವ ಮಾಸಿಕ ಬಾಡಿಗೆಯೂ ಒಂದೇ. ಪುಟವನ್ನು ಎಳೆದು ಕೂರಿಸಿದರೆ ಸಾಕು, ಅಂಗಡಿ ಸಿದ್ಧ. ಅಪ್‌ಡೇಟು, ಬ್ಯಾಕಪ್ಪು ಎಂಬ ಕರ್ಮಕಾಂಡದಿಂದ ವರ್ತಕನಿಗೆ ಬಿಡುಗಡೆ. ಆದರೆ ಮೋಕ್ಷದ ವಿಚಾರ ಬಂದಾಗ ತೊಡಕು ಕಾಣಿಸಿಕೊಳ್ಳುತ್ತದೆ: ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಕಿತ್ತು ಬೇರೆಡೆ ನೆಡಲು ಬರುವುದಿಲ್ಲವಾದ್ದರಿಂದ, ಬಾಡಿಗೆ ಮಳಿಗೆ ಖಾಲಿ ಮಾಡುವವನು ಗೋಡೆಗೆ ಹೂಡಿದ ಕಪಾಟುಗಳನ್ನು ಬಿಟ್ಟು ಸರಕನ್ನು ಮಾತ್ರ ಹೊತ್ತುಕೊಂಡು ಹೊರಡುವಂತೆ ಇಲ್ಲಿಯೂ ಹೊರಡಬೇಕಾಗುತ್ತದೆ.

ಎರಡನೆಯದು ದ್ವೈತ ಪಕ್ಷ. 2003ರ ಮೇ 27ರಂದು ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಬಿಡುಗಡೆ ಮಾಡಿದ ವರ್ಡ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶ ಈ ಪಕ್ಷದ ಮೂಲಗ್ರಂಥ. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಇದರ ಅನುಯಾಯಿಗಳು. ಇಲ್ಲಿ ಪಂಚಭೇದ ಪರಮಸತ್ಯ. ತಂತ್ರಾಂಶ ಬೇರೆ, ಅದು ವಾಸಿಸಲು ಬಾಡಿಗೆಗೆ ಪಡೆಯುವ ಜಾಗವಾದ ಹೋಸ್ಟಿಂಗ್ ಬೇರೆ; ಹೋಸ್ಟಿಂಗ್ ಬೇರೆ, ತಾಣದ ಹೆಸರಾದ ಡೊಮೇನ್ ಬೇರೆ; ಮುಖಾಲಂಕಾರವಾದ ಥೀಮ್ ಬೇರೆ, ಹೆಚ್ಚುವರಿ ಶಕ್ತಿಯನ್ನು ಕೊಡುವ ಪ್ಲಗಿನ್ ಬೇರೆ; ಒಂದು ಪ್ಲಗಿನ್ ಬೇರೆ, ಅದರೊಂದಿಗೆ ಜಗಳ ಕಾಯುವ ಇನ್ನೊಂದು ಪ್ಲಗಿನ್ ಬೇರೆ; ಕೊನೆಯದಾಗಿ ಅಂಗಡಿಯ ಮಾಲೀಕ ಬೇರೆ, ತಾಣವನ್ನು ಮಾಡಿಕೊಟ್ಟ ಹುಡುಗ ಬೇರೆ. ಈ ಐದನೆಯ ಭೇದ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಮರುದಿನವಷ್ಟೇ ಮಾಲೀಕನ ಅನುಭವಕ್ಕೆ ಬರುವುದರಿಂದ ಇದನ್ನು ಅತ್ಯಂತ ಸೂಕ್ಷ್ಮವೆಂದು ಹೇಳಲಾಗಿದೆ. ತಂತ್ರಾಂಶಕ್ಕೆ ದುಡ್ಡಿಲ್ಲ, ಬೇಡವಾದರೆ ಗಂಟುಮೂಟೆ ಸಮೇತ ಬೇರೆ ಹೋಸ್ಟಿಂಗಿಗೆ ಹೋಗಬಹುದು ಎಂಬುದು ಈ ಪಕ್ಷದ ಬಲ; ಆಗಾಗ ಅಪ್‌ಡೇಟು ಮಾಡದಿದ್ದರೆ ಬೀಗ ಹಾಕದ ಶಟರಿನಂತೆ ಕಳ್ಳರಿಗೆ ಆಹ್ವಾನವಾಗುತ್ತದೆಂಬುದು ಅದರ ಬಲಹೀನತೆ.

ಮೂರನೆಯದು ವಿಶಿಷ್ಟಾದ್ವೈತ ಪಕ್ಷ. ವರ್ಡ್‌ಪ್ರೆಸ್ಸನ್ನೇ ಕಂಪನಿಯೊಂದು ತನ್ನ ಆಶ್ರಯದಲ್ಲಿಟ್ಟು ನಡೆಸುವ ವರ್ಡ್‌ಪ್ರೆಸ್ ಡಾಟ್ ಕಾಮ್, ಕೆನಡಾದ ಶಾಪಿಫೈ ಮೊದಲಾದವನ್ನು ಇಲ್ಲಿ ಸೇರಿಸಬಹುದು. ಇಲ್ಲಿ ತಾಣ ಶರೀರ, ಕಂಪನಿ ಶರೀರಿ. ಭೇದವೂ ಉಂಟು, ಅಗಲಿಕೆಯೂ ಕಷ್ಟ, ಆದರೂ ಬರಹವನ್ನೋ ಸರಕಿನ ಪಟ್ಟಿಯನ್ನೋ ಕಡತವಾಗಿ ಇಳಿಸಿಕೊಂಡು ಹೋಗುವ ದಾರಿಯೊಂದು ಉಳಿದಿರುತ್ತದೆ. ಶರಣಾಗತಿಯೇ ಇದರ ಸಾಧನೆ. ನಿಬಂಧನೆಗಳ ಉದ್ದನೆಯ ಪುಟವನ್ನು ಓದದೆ ‘ಒಪ್ಪಿದ್ದೇನೆ’ ಎಂಬ ಚೌಕವನ್ನು ಒತ್ತುವ ಕ್ಷಣದಲ್ಲಿ ಅದು ಸಿದ್ಧಿಸುತ್ತದೆ. ಶಾಪಿಫೈಯ ಸ್ಥಾಪಕರು ಮೊದಲು ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರಹೊರಟು, ತಮ್ಮ ಅಂಗಡಿಗೆ ಒಗ್ಗುವ ತಂತ್ರಾಂಶ ಸಿಗದೆ ಸ್ವತಃ ಬರೆದುಕೊಂಡರೆಂಬುದು ಚಾರಿತ್ರಿಕ ಸತ್ಯ. ಹಿಮವನ್ನೇ ಕಾಣದ ದುರ್ಗಿಗುಡಿಗೂ ಇದರಿಂದ ಅಂಗಡಿ ಮೊದಲು, ವೇದಿಕೆ ಆಮೇಲೆ ಎಂಬ ಸೂತ್ರ ಲಭಿಸುತ್ತದೆ.

4. ಚಾರ್ವಾಕ ಖಂಡನೆ ಮತ್ತು ಅರ್ಧ ಒಪ್ಪಿಗೆ

ಈ ಮೂರನ್ನೂ ನಿರಾಕರಿಸುವ ಚಾರ್ವಾಕರು ದುರ್ಗಿಗುಡಿಯಲ್ಲಿ ಬಹುಸಂಖ್ಯಾತರು. ‘ಗೂಗಲ್ ಮ್ಯಾಪಲ್ಲಿ ಅಂಗಡಿ ಬರ್ತದೆ, ವಾಟ್ಸಾಪಲ್ಲಿ ಫೋಟೋ ಹೋಗ್ತದೆ, ಇನ್ನು ವೆಬ್‌ಸೈಟ್ ಯಾಕ್ ಬೇಕ್ರೀ’ ಎಂಬುದು ಅವರ ವಾದ. ಕಣ್ಣಿಗೆ ಕಾಣುವ ಗಿರಾಕಿಯೊಬ್ಬನೇ ಪ್ರಮಾಣ, ಜಾಲತಾಣವೆಂಬ ಪರಲೋಕವಿಲ್ಲವೆಂಬ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ; ಏಕೆಂದರೆ ಸಮಯ, ದಾರಿ, ಫೋನು, ಗಿರಾಕಿಗಳೇ ತೆಗೆದ ಚಿತ್ರ ಎಲ್ಲವೂ ಅಲ್ಲಿ ಸಿಗುತ್ತವೆ, ಮತ್ತು 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಸರಕಿನ ಪಟ್ಟಿಯನ್ನೂ ಇಡಬಹುದು. ಆದರೆ ಇದೇ ಗೂಗಲ್ ಸಣ್ಣ ವ್ಯಾಪಾರಿಗಳಿಗೆಂದು ಕೊಟ್ಟಿದ್ದ ಉಚಿತ ಜಾಲತಾಣಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತೆಂಬುದನ್ನು ಚಾರ್ವಾಕರು ಮರೆಯುತ್ತಾರೆ. ಆದ್ದರಿಂದ ಅವರ ಮತವನ್ನು ಅರ್ಧ ಒಪ್ಪಿ, ಪರರ ಜಾಗದಲ್ಲಿ ಕೂತರೂ ಹೆಸರು ಮಾತ್ರ ಸ್ವಂತದ್ದಾಗಿರಬೇಕೆಂಬ ಉಳಿದರ್ಧವನ್ನು ಅವರ ಮೇಲೆ ಹೇರತಕ್ಕದ್ದು.

5. ನಾಮ ಮತ್ತು ಲಿಪಿ

ಹೆಸರೆಂದೊಡನೆ ಈ ಊರಿಗೇ ವಿಶಿಷ್ಟವಾದ ಸಮಸ್ಯೆಯೊಂದು ಎದುರಾಗುತ್ತದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ, ರೋಮನ್ ಲಿಪಿಯಲ್ಲಿ ಏಳಕ್ಷರದ ‘ಶಿಮೊಗ’ ಹತ್ತಕ್ಷರದ ‘ಶಿವಮೊಗ್ಗ’ವಾಯಿತು. ಅದಕ್ಕೂ ಮುಂಚೆ ಊರಿನ ಹೆಸರು ಸೇರಿಸಿ ಡೊಮೇನ್ ಕೊಂಡವರಿಗೆ ಹಳೆಯ ಕಾಗುಣಿತವೂ, ಆಮೇಲೆ ಕೊಂಡವರಿಗೆ ಹೊಸದೂ ಪ್ರಾಪ್ತವಾಗಿ, ಗಿರಾಕಿಯ ಬೆರಳು ಮಾತ್ರ ಯಾವುದನ್ನು ಒತ್ತುತ್ತದೆಂಬುದು ದೈವಾಧೀನವಾಯಿತು. ವಿಳಾಸದ ಸ್ಥಿತಿಯೂ ಹೀಗೆಯೇ: ಕಡತದಲ್ಲಿ ಟಿ. ಸೀನಪ್ಪ ಶೆಟ್ಟಿ ವೃತ್ತ, ಜನರ ಬಾಯಲ್ಲಿ ಗೋಪಿ ಸರ್ಕಲ್. ತಾಣದಲ್ಲಿ ಎರಡನ್ನೂ ನಮೂದಿಸದ ವರ್ತಕ ಸರ್ಕಾರಕ್ಕೆ ಸಿಗುತ್ತಾನೆ, ಗಿರಾಕಿಗೆ ಸಿಗುವುದಿಲ್ಲ.

ಲಿಪಿಯ ವಿಷಯದಲ್ಲಿ ಶಿವಮೊಗ್ಗೆಯವರು ಹೆಮ್ಮೆಪಡಲು ಕಾರಣವಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಕನ್ನಡ ಅಕ್ಷರಶೈಲಿಯ ಹೆಸರು ‘ತುಂಗಾ’. ಆದರೂ ಡಿಟಿಪಿ ಅಂಗಡಿಯ ಹಳೆಯ ಅಕ್ಷರಶೈಲಿಯಲ್ಲಿ ಕೀಲಿಸಿದ ಕರಪತ್ರದ ಬರಹವನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ ‘ಆಷಾಢ ರಿಯಾಯಿತಿ’ ಎಂಬುದು ಯಾವ ಶಾಸನತಜ್ಞನೂ ಓದಲಾರದ ಚಿಹ್ನೆಗಳ ಸಾಲಾಗುತ್ತದೆ. ಎಲ್ಲ ಯಂತ್ರಗಳೂ ಒಪ್ಪಿಕೊಂಡ ಅಕ್ಷರಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿಯೇ ಬರೆಯಬೇಕೆಂಬುದು ಎಲ್ಲ ಮತಗಳಿಗೂ ಸಮ್ಮತ.

6. ಸಿದ್ಧಾಂತ

ಹಾಗಾದರೆ ಯಾವ ವೇದಿಕೆ ಗ್ರಾಹ್ಯ? ಅಂಗಡಿಯಲ್ಲಿ ಬದಲಾಗುವುದು ಯಾವುದು, ಅದನ್ನು ತಾಣದಲ್ಲಿ ಬದಲಿಸುವವರು ಯಾರು ಎಂಬೆರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ವೇದಿಕೆಯ ಹೆಸರನ್ನು ಉಚ್ಚರಿಸಬಾರದೆಂಬುದೇ ಈ ಪ್ರಬಂಧದ ಸಿದ್ಧಾಂತ. ಮಲೆನಾಡಿನ ಬೆಳೆಗಾರ ದಿನ ಬೆಳಗಾದರೆ ಮೊಬೈಲಿನಲ್ಲಿ ಹುಡುಕುವುದು ಅಡಿಕೆ ಧಾರಣೆಯನ್ನು. ರಾಶಿ, ಬೆಟ್ಟೆ, ಸರಕು, ಗೊರಬಲುಗಳ ದರ ನಿತ್ಯವೂ ಬದಲಾಗುವುದರಿಂದ ಆ ಪುಟ ಎಷ್ಟೇ ಕುರೂಪವಾಗಿದ್ದರೂ ಜನ ಅದಕ್ಕೆ ಮರಳಿ ಬರುತ್ತಾರೆ. ಮೂರು ವರ್ಷಗಳಿಂದ ‘ಹೊಸ ಸ್ಟಾಕ್ ಬಂದಿದೆ’ ಎಂದೇ ಹೇಳುತ್ತಿರುವ ಸುಂದರ ಪುಟಕ್ಕೆ ಯಾರೂ ಎರಡನೆಯ ಸಲ ಬರುವುದಿಲ್ಲ.

ಇದನ್ನು ನಿರ್ಣಯಿಸಲು ಜಾತ್ರಾಪರೀಕ್ಷೆ ಎಂಬುದನ್ನು ಇಲ್ಲಿ ಪ್ರತಿಪಾದಿಸಲಾಗಿದೆ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ ನಡೆದು ಊರೆಲ್ಲ ಗಾಂಧಿಬಜಾರಿನತ್ತ ಹರಿಯುವಾಗ, ಅಂಗಡಿ ಮಧ್ಯಾಹ್ನವೇ ಮುಚ್ಚುತ್ತದೆಂಬ ಒಂದು ಸಾಲನ್ನು ಮಾಲೀಕನೋ ಗಲ್ಲಾದಲ್ಲಿ ಕೂತ ಅವನ ಹೆಂಡತಿಯೋ ತಂಗಿಯ ಮಗನಿಗೆ ಫೋನು ಮಾಡದೆ ತಮ್ಮ ಮೊಬೈಲಿನಿಂದಲೇ ಬದಲಿಸಬಲ್ಲರಾದರೆ ಆ ವೇದಿಕೆ ಉತ್ತೀರ್ಣ. ಫೋನು ಮಾಡಿ ಬದಲಿಸಬಲ್ಲರಾದರೆ ಮಧ್ಯಮ. ಜಾತ್ರೆ ಮುಗಿದ ಮೇಲೆ ಬದಲಾದರೆ ಅಧಮ.

ಪರೀಕ್ಷೆಯನ್ನು ಅನ್ವಯಿಸಿದರೆ ಫಲಿತಾಂಶ ಹೀಗೆ ನಿಲ್ಲುತ್ತದೆ. ಸಮಯ, ದಾರಿ, ಫೋನುಗಳಷ್ಟೇ ಬೇಕಾದ ರೆಡಿಮೇಡ್ ಬಟ್ಟೆಯ ಅಂಗಡಿಗೆ ಮ್ಯಾಪಿನ ನಮೂದೂ ಅದಕ್ಕೆ ಕಳಿಸುವ ಸ್ವಂತ ಡೊಮೇನೂ ಸಾಕು. ಸೇವೆಗಳ ಪಟ್ಟಿ ಅಪರೂಪಕ್ಕೆ ಬದಲಾಗುವ ಟ್ಯೂಷನ್ ಕೇಂದ್ರ, ಲ್ಯಾಬುಗಳಿಗೆ ಅದ್ವೈತ ಹಿತ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಗಳನ್ನು ಕೊರಿಯರ್‌ನಲ್ಲಿ ಕಳಿಸಿ ಹಣ, ದಾಸ್ತಾನು, ವಾಪಸಾತಿಗಳ ಲೆಕ್ಕ ಇಡಬೇಕಾದವರಿಗೆ ಶಾಪಿಫೈಯಂಥ ವಿಶಿಷ್ಟಾದ್ವೈತ. ಬರೆಯುವ ಚಟವೂ ಬರೆಸಿಕೊಳ್ಳುವ ಸಿಬ್ಬಂದಿಯೂ ಇರುವವರಿಗೆ ಮಾತ್ರ ದ್ವೈತ. ಯಾವ ಮತಕ್ಕೆ ಸೇರಿದರೂ ಡೊಮೇನು ಮಾಲೀಕನ ಹೆಸರಿನಲ್ಲಿ, ಮಾಲೀಕನ ಇಮೇಲಿನಲ್ಲಿ, ಒಟಿಪಿ ಬರುವ ಮಾಲೀಕನ ಫೋನಿನಲ್ಲಿ ಇರಬೇಕೆಂಬುದು ಅಪವಾದವಿಲ್ಲದ ವಿಧಿ. ಹುಡುಗನ ಫೋನಿಗೆ ಒಟಿಪಿ ಹೋಗುವ ತಾಣದಲ್ಲಿ ಮಾಲೀಕನೂ ಒಬ್ಬ ಗಿರಾಕಿಯೇ.

7. ಫಲಶ್ರುತಿ

ಈ ಮೀಮಾಂಸೆಯನ್ನು ಬೆಳಿಗ್ಗೆ ಶಟರು ಎತ್ತುವಾಗಲೂ ರಾತ್ರಿ ಇಳಿಸುವಾಗಲೂ ಪಠಿಸುವ ವರ್ತಕನ ಡೊಮೇನು ಅವಧಿ ಮುಗಿಯುವ ಮೊದಲೇ ನವೀಕರಣಗೊಳ್ಳುವುದು, ಅವನ ಪಾಸ್‌ವರ್ಡು ಹಾಲಿನ ಲೆಕ್ಕದ ಚೀಟಿಯ ಹಿಂದೆ ಕಳೆದುಹೋಗದು, ಅವನ ಪುಟದಲ್ಲಿ ಯುಗಾದಿಯ ಶುಭಾಶಯ ದೀಪಾವಳಿಯವರೆಗೆ ಉಳಿಯದು. ಕೇವಲ ಒಮ್ಮೆ ಕೇಳಿದವನಿಗೂ ಒಟಿಪಿ ಸಕಾಲಕ್ಕೆ ಬರುವುದು. ನಂಬದವನು ಪಕ್ಕದ ಅಂಗಡಿಯವನು ಯಾವುದನ್ನು ಮಾಡಿಸಿಕೊಂಡನೋ ಅದನ್ನೇ ಮಾಡಿಸಿಕೊಳ್ಳುವನು. ದುರ್ಗಿಗುಡಿಯ ಬಹುಪಾಲು ಜಾಲತಾಣಗಳು ಈ ವಿಧಾನದಿಂದಲೇ ಹುಟ್ಟಿವೆಯೆಂಬುದನ್ನು ಶಾಸ್ತ್ರವು ನಿರಾಕರಿಸುವುದಿಲ್ಲ.