ಆರು ವಿಷಯ, ಐದು ದೇವರು

ಮಗಳು ಒಂಬತ್ತನೆಯ ಇಯತ್ತೆ ಮುಗಿಸಿದ್ದೇ ತಡ, ನಮ್ಮ ಮನೆಗೆ ಎಸ್ಸೆಸ್ಸೆಲ್ಸಿ ಬಂತು. ಮೊದಲು ಕೇಬಲ್ ಬಂದ್ ಆಯಿತು. ಅತ್ತೆಯವರ ಧಾರಾವಾಹಿ ನಡುವೆಯೇ ನಿಂತುಹೋಯಿತು. ಅದರ ಸೊಸೆ ಅವರ ಲೆಕ್ಕದಲ್ಲಿ ಇನ್ನೂ ಜೈಲಿನಲ್ಲೇ ಇದ್ದಾಳೆ. ಮೊಬೈಲು ಜೋಳದ ಡಬ್ಬಿ ಸೇರಿತು. ನಮ್ಮನೆಯವರು ದೊಡ್ಡ ಡ್ರಾಯಿಂಗ್ ಹಾಳೆ ತಂದು, ನಸುಕಿನ ನಾಲ್ಕೂವರೆಯಿಂದ ರಾತ್ರಿ ಹತ್ತೂವರೆಯವರೆಗಿನ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಓದಿಗೆ ಹಸಿರು ಶಾಯಿ, ಮರು ಓದಿಗೆ ಕೆಂಪು. ಜಳಕಕ್ಕೆ ಹೊತ್ತು ಇಡುವುದನ್ನೇ ಮರೆತಿದ್ದರು.

ನಾಲ್ಕೂವರೆಯ ಅಲಾರ್ಮಿಗೆ ಅತ್ತೆ ಎದ್ದರು, ನಾನು ಎದ್ದೆ, ಎದುರು ಮನೆಯ ನಾಯಿ ಎದ್ದಿತು. ಮಗಳು ಏಳಲಿಲ್ಲ. ಎದ್ದವರು ಸುಮ್ಮನೆ ಕೂಡುವುದೆಂತು? ನಾನು ಚಹಾ ಕುದಿಸಿದೆ, ನಮ್ಮನೆಯವರು ಅವಳ ಸಮಾಜ ವಿಜ್ಞಾನದ ಪುಸ್ತಕ ತೆರೆದರು. ದಸರೆಯ ಹೊತ್ತಿಗೆ ಭಾರತದ ವಿದೇಶಾಂಗ ನೀತಿ ಅವರಿಗೆ ಪೂರ್ತಿ ಬಾಯಿಪಾಠವಾಗಿತ್ತು. ಪರೀಕ್ಷೆಗೆ ಅವರನ್ನೇ ಕೂಡಿಸುವುದಾಗಿದ್ದರೆ ನಮಗೆ ಯಾವ ಚಿಂತೆಯೂ ಇರುತ್ತಿರಲಿಲ್ಲ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಹಳೆ ಬಾಗಲಕೋಟೆಯ ಜನ ನವನಗರದ ಸೆಕ್ಟರುಗಳಿಗೆ ಬರುವಾಗ, ಇನ್ನು ಓಣಿಯ ಮಾತು ತಪ್ಪಿತು ಎಂದುಕೊಂಡಿರಬೇಕು. ತಪ್ಪಲಿಲ್ಲ. ರಸ್ತೆ ಅಗಲವಾದವು, ಮಾತಿಗೆ ಇನ್ನಷ್ಟು ಜಾಗ ಸಿಕ್ಕಿತು. ಗ್ಯಾಸ್ ಸಿಲಿಂಡರ್ ತರುವವನಿಂದ ಹಿಡಿದು ಮದುವೆ ಕಾರ್ಡು ಕೊಡಲು ಬಂದವರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟ ಪರ್ಸೆಂಟ್ ಮಾಡ್ತಾಳ್ರೀ?" ಹಾಲಿನವನೂ ಒಂದು ಮುಂಜಾನೆ ಕೇಳಿದ. ಮಗಳು ಪಾತ್ರೆ ಹಿಡಿದುಕೊಂಡೇ ಕೇಳಿದಳು: "ಮಾಮಾ, ನಿಮ್ಮ ಹಾಲಿನ್ಯಾಗ ನೀರ ಎಷ್ಟ ಪರ್ಸೆಂಟ್ ಐತ್ರೀ?" ಆವತ್ತಿನಿಂದ ಹಾಲು ಗಟ್ಟಿಯಾಯಿತು. ಎಸ್ಸೆಸ್ಸೆಲ್ಸಿಯಿಂದ ನಮ್ಮ ಮನೆಗೆ ಆದ ಮೊದಲ ಲಾಭ ಅದು.

ಇತ್ತ ಅತ್ತೆಯವರು ತಮ್ಮದೇ ವ್ಯವಸ್ಥೆ ಮಾಡಿದ್ದರು. ಒಬ್ಬ ದೇವರ ಮೇಲೆ ಆರು ವಿಷಯದ ಭಾರ ಹಾಕುವುದು ನ್ಯಾಯವಲ್ಲವೆಂದು ಅವರ ಅಭಿಪ್ರಾಯ. ಹೀಗಾಗಿ ಹರಕೆಯನ್ನು ವಿಷಯವಾರು ಹಂಚಿದರು. ಕನ್ನಡ ಕೂಡಲಸಂಗಮನಾಥನಿಗೆ, ಅಷ್ಟು ವಚನ ಕೇಳಿದವನಿಗೆ 125 ಅಂಕದ ಪೇಪರು ಯಾವ ಲೆಕ್ಕ? ಗಣಿತ ಮುಚಖಂಡಿ ವೀರಭದ್ರನಿಗೆ, ಆ ವಿಷಯಕ್ಕೆ ಸಿಟ್ಟಿನ ದೇವರೇ ಬೇಕು. ವಿಜ್ಞಾನ ಬಾದಾಮಿ ಬನಶಂಕರಿಗೆ. ಆಕೆ ಶಾಕಂಬರಿ, ಪಲ್ಯದ ಹಬ್ಬಕ್ಕೆ 108 ತರದ ಕಾಯಿಪಲ್ಯ ನೈವೇದ್ಯ ಮಾಡಿಸಿಕೊಳ್ಳುವಾಕೆ. ಸಸ್ಯಶಾಸ್ತ್ರ ಆಕೆಗೆ ಬೇರೆ ಯಾರು ಹೇಳಿಕೊಡಬೇಕು? ಸಮಾಜ ವಿಜ್ಞಾನ ಮಹಾಕೂಟೇಶ್ವರನಿಗೆ, ಚಾಲುಕ್ಯರನ್ನು ಕಣ್ಣಾರೆ ಕಂಡವನೆಂದು. ಹಿಂದಿ ತುಳಸಿಗೇರಿ ಹನುಮಪ್ಪನಿಗೆ. "ದಿನಾ ಚಾಲೀಸಾ ಕೇಳ್ತಾನ, ಅವಗ ಹಿಂದಿ ಬರ್ತೈತಿ."

ತೊಡಕು ಬಂದದ್ದು ಇಂಗ್ಲಿಷಿಗೆ. "ನಮ್ಮ ಸೀಮ್ಯಾಗ ಇಂಗ್ಲೀಷ್ ಬರೂ ದೇವ್ರು ಯಾರದಾರವಾ?" ಎಂದು ನನ್ನನ್ನೇ ಕೇಳಿದರು. ನಮ್ಮನೆಯವರು ವಿದೇಶಾಂಗ ನೀತಿಯಿಂದ ತಲೆ ಎತ್ತಿ, "ಪಟ್ಟದಕಲ್ಲಿನ ವಿರೂಪಾಕ್ಷಗ ಬೇಡ್ಕೊ ಅವ್ವಾ. ದಿನಾ ಫಾರಿನ್ ಮಂದಿ ಬರ್ತಾರ, ನಾಕ ಮಾತು ಕಿವಿಗೆ ಬಿದ್ದಿರ್ತಾವ" ಎಂದರು. ಅತ್ತೆ ಮಗನನ್ನು ಒಂದು ಗಳಿಗೆ ನೋಡಿದರು. "ಕಿವಿಗೆ ಬಿದ್ದ ಮಾತ್ರಕ್ಕ ಬರೂದಿಲ್ಲೋ ತಮ್ಮಾ. ನಿನಗೂ ಸಾಲ್ಯಾಗ ಕಿವಿಗೆ ಬಿದ್ದಿತ್ತು, ಬಂತೇನು?" ಇಂಗ್ಲಿಷನ್ನು ಕಡೆಗೆ ಟ್ಯೂಷನ್ನಿಗೆ ಬಿಟ್ಟೆವು.

ಆದರೆ ಈ ಹರಕೆಗಳೇ ಮಗಳಿಗೆ ಉಸಿರಾಡಲು ಕಿಂಡಿಯಾದವು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ನಾಟಕ ಕಂಪನಿಗಳ ಟೆಂಟು ಇರುತ್ತವೆ. ವೇಳಾಪಟ್ಟಿಯಲ್ಲಿ ಜಾತ್ರೆಗೆ ಯಾವ ಶಾಯಿಯೂ ಇರಲಿಲ್ಲ. "ವಿಜ್ಞಾನದ ಹರಕಿ ಒಪ್ಪಿಸಬೇಕು, ಹುಡುಗಿನ್ನ ಕರ್ಕೊಂಡ ಹೋಗಬೇಕು" ಎಂದು ಅತ್ತೆ ಪಟ್ಟು ಹಿಡಿದರು. ವಿಜ್ಞಾನವೆಂದ ಮೇಲೆ ನಮ್ಮನೆಯವರಿಗೂ ಎದುರಾಡಲಾಗಲಿಲ್ಲ. ದೇವರ ಮುಂದೆ ನಿಂತದ್ದು ಹತ್ತು ನಿಮಿಷ, ನಾಟಕದ ಟೆಂಟಿನಲ್ಲಿ ಕೂತದ್ದು ಬೆಳತನಕ. ಹಾಸ್ಯ ಪಾತ್ರಧಾರಿ ನಾಟಕದ ದೇಸಾಯರ ಮುಂದೆ ಜಾರಿ ಬಿದ್ದಾಗ ಮಗಳು ಬಿದ್ದು ಬಿದ್ದು ನಕ್ಕಳು. ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ! ಅತ್ತೆ ನನ್ನ ಕಿವಿಯಲ್ಲಿ, "ಟ್ಯೂಷನ್‌ದಾಗ ಇದನ್ನ ಹೇಳಿಕೊಡಂಗಿಲ್ಲ" ಎಂದರು. ಹರಕೆಯ ಹಿಂದಿನ ಹಂಚಿಕೆ ನನಗೆ ಆಗ ಹೊಳೆಯಿತು.

ಮಾರ್ಚಿನಲ್ಲಿ ಬಾಗಲಕೋಟೆ ಪರೀಕ್ಷೆಯ ಊರಾಗಿರುವುದಿಲ್ಲ, ಹೋಳಿಯ ಊರಾಗಿರುತ್ತದೆ. ದಿನಗಟ್ಟಲೆ ಹಲಗಿ, ಬಂಡಿಗಳಲ್ಲಿ ಬಣ್ಣದ ಬ್ಯಾರಲ್ಲು. 2024ರಲ್ಲಿ ಮಂಡಳಿಯವರು ಮೊದಲ ಪೇಪರಿಗೆ ಗೊತ್ತು ಮಾಡಿದ್ದು ಮಾರ್ಚ್ 25, ಸೋಮವಾರ. ಕ್ಯಾಲೆಂಡರಿನಲ್ಲಿ ಹೋಳಿ ಹುಣ್ಣಿಮೆಯೂ ಅಂದೇ. ಊರ ಹುಡುಗರು ಹಲಗಿ ಕಾಸಿ ಬಡಿಯುತ್ತಿದ್ದರೆ, ಮಗಳು ಅದೇ ಗತ್ತಿನಲ್ಲಿ ಕಾಲು ಕುಣಿಸುತ್ತ ಪದ್ಯ ಕಂಠಪಾಠ ಮಾಡಿದಳು. ಬೆಂಗಳೂರಿನ ಮನೋವೈದ್ಯರು ಇದಕ್ಕೆ ಏನೆನ್ನುತ್ತಾರೋ, ಪದ್ಯವಂತೂ ತಪ್ಪಲಿಲ್ಲ.

ಆ ವರ್ಷ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದರು. "ಹಂಗಾರ ಮನಿಯಿಂದ ನಾವೂ ನೋಡಬಹುದೇನು?" ಎಂದು ನಮ್ಮನೆಯವರು ಆಸೆಯಿಂದ ವಿಚಾರಿಸಿದರು. ಇಲ್ಲವೆಂದು ತಿಳಿದಾಗ ಮಗಳ ಮುಖದಲ್ಲಿ ಕಂಡ ನೆಮ್ಮದಿ ವರ್ಷವಿಡೀ ಕಂಡಿರಲಿಲ್ಲ. ವರ್ಷಕ್ಕೆ ಮೂರು ಪರೀಕ್ಷೆ ಎಂಬ ಪದ್ಧತಿಯೂ ಆ ಸಲವೇ ಬಂತು. ಮೊದಲನೆಯದರಲ್ಲಿ ಜಾರಿದರೆ ಎರಡನೆಯದು, ಮೂರನೆಯದು. ಒಳ್ಳೆಯದಾಯಿತು ಎಂದೆ ನಾನು. "ಮೂರು ಪರೀಕ್ಷಾ ಅಂದ್ರ ಮೂರು ಸಲ ಪಪ್ಪಾನ ಟೈಮ್ ಟೇಬಲ್ಲು. ಒಂದರಾಗ ಮುಗಿಸ್ತೀನಿ" ಎಂದಳು ಮಗಳು. ಅವಳಿಗೆ ಓದುವ ಹುರುಪು ಬಂದದ್ದು ಆಗಲೇ ಎಂದು ನನ್ನ ಗುಮಾನಿ.

ಮೇ 9ಕ್ಕೆ ಫಲಿತಾಂಶ. ರಾಜ್ಯಕ್ಕೇ ಮೊದಲು ಬಂದಾಕೆ ನಮ್ಮ ಜಿಲ್ಲೆಯವಳು, ಮುಧೋಳ ತಾಲ್ಲೂಕಿನ ಮೆಳ್ಳಿಗೇರಿ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತರ ಮಗಳು, 625ಕ್ಕೆ 625. ಅರ್ಧ ತಾಸು ನಮಗೆಲ್ಲ ಎದೆಯುಬ್ಬಿತು. ಆಮೇಲೆ ಫೋನುಗಳು ಶುರುವಾದವು: "ಮುಧೋಳದಾಕಿ ನೋಡ್ರಿ! ನಿಮ್ಮಾಕಿದು ಎಷ್ಟ?" ಯಾರೂ ಗಮನಿಸದ ಒಂದು ಮಾತಿದೆ. ಆ ಹುಡುಗಿ ಓದಿದ್ದು ವಸತಿ ಶಾಲೆಯಲ್ಲಿ. ಅಲ್ಲಿ ನಸುಕಿಗೆ ಬಾದಾಮಿ ನೆನೆಹಾಕಿ ಕೊಡುವ ಅವ್ವ ಇಲ್ಲ, ಹಸಿರು ಶಾಯಿಯ ಅಪ್ಪ ಇಲ್ಲ, ಗ್ಯಾಸಿನವನೂ ಇಲ್ಲ.

ಮರುವರ್ಷ ಮೇ ತಿಂಗಳಲ್ಲಿ ನಮ್ಮೂರು ಮತ್ತೆ ಸುದ್ದಿಯಾಯಿತು. ಬಾಗಲಕೋಟೆಯ ಹುಡುಗನೊಬ್ಬ ಆರೂ ವಿಷಯದಲ್ಲಿ ನಪಾಸಾಗಿದ್ದ, 625ಕ್ಕೆ 200. ಅವನ ಮನೆಯವರು ಕೇಕು ತರಿಸಿ, ಕತ್ತರಿಸಿ, ಅವನಿಗೆ ತಿನ್ನಿಸಿ, ಮತ್ತೆ ಬರೆಯೋಣ ಬಿಡು ಎಂದರು. ದೇಶದ ತುಂಬ ಆ ವಿಡಿಯೊ ಓಡಾಡಿತು. ನಮ್ಮ ಮನೆಯಲ್ಲಿ ಅಂದು ಸಂಜೆ ಭಾರೀ ಚರ್ಚೆ. "ನಪಾಸಾದವಗ ಕೇಕು ಅಂದ್ರ ಪಾಸಾದವ್ರಿಗೆ ಏನ ಕೊಡಬೇಕು?" ಎಂದರು ನಮ್ಮನೆಯವರು. "ನೀವು ನನಗ ಕೊಟ್ರಲ್ಲಾ ಪಪ್ಪಾ, ನೀಟ್ ಕೋಚಿಂಗಿನ ಪಾಂಪ್ಲೆಟ್" ಎಂದಳು ಮಗಳು. ಅತ್ತೆಯವರಿಗಿದ್ದದ್ದು ಒಂದೇ ಸಂಶಯ, ಕೇಕಿನಲ್ಲಿ ತತ್ತಿ ಇತ್ತೋ ಇಲ್ಲವೋ. ತತ್ತಿ ಇಲ್ಲದ್ದೂ ಸಿಗುತ್ತದೆ ಎಂದ ಮೇಲೆ, "ಹಂಗಾರ ಛಲೋ ಮಾಡ್ಯಾರ" ಎಂದು ತೀರ್ಪು ಕೊಟ್ಟರು. ನನ್ನ ವೋಟೂ ಆ ಕೇಕಿಗೇ. ಸೋತ ದಿನ ಮಗುವಿನ ಪಕ್ಕದಲ್ಲಿ ಕೂಡಲು ಬೇಕಾದ ಗುಂಡಿಗೆ ಎಲ್ಲ ಅಪ್ಪ-ಅವ್ವಂದಿರಿಗೂ ಇರುವುದಿಲ್ಲ.

ಈಗ ಮಗಳು ಪಿಯುಸಿ ಎರಡನೆಯ ವರ್ಷ. ಪಾಸಾಗಲು 35 ಪರ್ಸೆಂಟ್ ಬೇಕಿದ್ದದ್ದು 2025-26ರಿಂದ 33ಕ್ಕೆ ಇಳಿದಿದೆ. ಅತ್ತೆಯವರು ಹರಕೆಯಲ್ಲೂ ಎರಡು ಕಾಯಿ ಕಡಿಮೆ ಮಾಡಿದ್ದಾರೆ. ಪರೀಕ್ಷೆ 2026ರ ಫೆಬ್ರುವರಿ 28ಕ್ಕೆ ಶುರು, ಹೋಳಿ ಈ ಸಲವೂ ಅದರ ನಡುವೆಯೇ. ಅಲ್ಲಿಯವರೆಗೆ ನಮ್ಮ ಮನೆಗೆ ಬರುವವರು ಧಾರಾಳ ಬನ್ನಿ, ರೊಟ್ಟಿ ಉಂಡು ಹೋಗಿ, ಅಮೀನಗಡದ ಕರದಂಟು ತಂದರೆ ಬೇಡವೆನ್ನುವುದಿಲ್ಲ. ಎಷ್ಟು ಪರ್ಸೆಂಟ್ ಎಂದು ಮಾತ್ರ ಕೇಳಬೇಡಿ.